ಚಿಕ್ಕಮ್ಮನ ಟ್ರಯಲ್

"ಟ್ರಯಲ್ ಅಂದ್ರೆ ಬ್ಲೌಸ್ ಹಾಕ್ಕೊಂಡು ನೋಡೋದಲ್ವೇನೇ?" ಅಂದಳು ಚಿಕ್ಕಮ್ಮ.

ನಾನು ಹೇಳಿದ್ದು ಟ್ರೇಲ್, ಅಂದರೆ ಕಾಡಿನಲ್ಲಿ ನಡೆಯುವ ದಾರಿ. ಶನಿವಾರ ಬೆಳಿಗ್ಗೆ ತುರಹಳ್ಳಿ ಕಾಡಿಗೆ ಹೋಗೋಣ, ಅಲ್ಲೊಂದು ಸುಲಭದ ಟ್ರೇಲ್ ಇದೆ, ಬರ್ತೀಯಾ ಅಂತ ಕೇಳಿದ್ದೆ. ಅವಳ ಕಿವಿಗೆ ಅದು ಟೈಲರ್ ಅಂಗಡಿಯ ಟ್ರಯಲ್ ಆಗಿ ಬಿತ್ತು. ನಾನು ತಿದ್ದಲು ಹೋಗಲಿಲ್ಲ. ಅವಳು ಹೇಳಿದ್ದೂ ಸರಿಯೇ. ನನ್ನ ಮಂಡಿ, ನನ್ನ ಉಸಿರು, ಹೊಸದಾಗಿ ತಂದ ಶೂ ಎಲ್ಲವನ್ನೂ ಒಮ್ಮೆ ಹಾಕಿ ನೋಡುವುದಕ್ಕೇ ನಾನು ಹೊರಟಿದ್ದೆ. ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ಗೊತ್ತಾಗಬೇಕಿತ್ತು.

ಇದರ ಹಿಂದೆ ಒಂದು ಹಳೇ ಸಿಟ್ಟೂ ಇತ್ತು. ಹೋದ ವರ್ಷ ಒಂದು ಟ್ರೆಕ್ಕಿಂಗ್ ಗುಂಪಿನ ಜೊತೆ ರಾಮನಗರದ ಕಡೆಯ ಬೆಟ್ಟಕ್ಕೆ ಹೋಗಿದ್ದೆ. "ಬಿಗಿನರ್ಸ್‌ಗೆ ಹೇಳಿ ಮಾಡಿಸಿದ್ದು, ತುಂಬಾ ಈಸಿ ಮೇಡಂ" ಅಂತ ಫೋನಿನಲ್ಲಿ ಹೇಳಿದ್ದರು. ಬೆಳಗಿನ ಜಾವ ಬಸ್ಸು ಹತ್ತಿಸಿದರು. ಬೆಟ್ಟದ ಬುಡದಲ್ಲಿ ಇಳಿದದ್ದೇ ತಡ, ಎಲ್ಲರೂ ಮೇಕೆಗಳ ಹಾಗೆ ಏರಿಬಿಟ್ಟರು. ಗುಂಪಿನಲ್ಲಿ ನನ್ನನ್ನು ಬಿಟ್ಟರೆ ಮಿಕ್ಕವರೆಲ್ಲ ಇಪ್ಪತ್ತೈದರ ಒಳಗಿನವರು. ನನಗೆ ನಲವತ್ತೆಂಟು. ಅರ್ಧ ಗಂಟೆಗೆ ನನ್ನ ಎದೆ ಢವಢವ ಅಂತ ಹೊಡೆದುಕೊಳ್ಳತೊಡಗಿತು. ಕರೆದುಕೊಂಡು ಹೋಗಿದ್ದ ಹುಡುಗ ಒಂದು ದೊಡ್ಡ ಬಂಡೆ ತೋರಿಸಿದ. "ಇಲ್ಲೇ ಕೂತಿರಿ ಮೇಡಂ, ವಾಪಸ್ ಬರ್ತಾ ಕರ್ಕೊಂಡು ಹೋಗ್ತೀವಿ" ಅಂದ. ಕೈಗೊಂದು ಬಿಸ್ಕತ್ತಿನ ಪ್ಯಾಕೆಟ್ ಕೊಟ್ಟ. ಎರಡೂಕಾಲು ಗಂಟೆ ಕೂತೆ. ಬಿಸ್ಕತ್ತು ಮೊದಲ ಹತ್ತು ನಿಮಿಷಕ್ಕೇ ಮುಗಿದಿತ್ತು. ಸಂಜೆ ವಾಟ್ಸಾಪಿನಲ್ಲಿ ಗುಂಪಿನ ಫೋಟೊ ಬಂತು. ಕೆಳಗೆ "ಎಲ್ಲರೂ ತುದಿ ಮುಟ್ಟಿದರು, ಅಭಿನಂದನೆಗಳು" ಅಂತ ಬರೆದಿದ್ದರು. ನಾನೂ ಒಂದು ಹೆಬ್ಬೆರಳು ಒತ್ತಿ ಸುಮ್ಮನಾದೆ.

ಅವತ್ತಿನಿಂದ ಈ "ಈಸಿ" ಅನ್ನುವ ಪದದ ಮೇಲೆ ನನಗೆ ಅನುಮಾನ. ಯಾರಿಗೆ ಈಸಿ? ಯಾರ ಜೊತೆ ಹೋದರೆ ಈಸಿ? ಎಷ್ಟು ಕಿಲೋಮೀಟರ್, ಎಷ್ಟು ಎತ್ತರ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಸಲ ನಿಲ್ಲಬಹುದು ಅಂತ ಯಾರೂ ಹೇಳುವುದಿಲ್ಲ.

ಚಿಕ್ಕಮ್ಮ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಕೋಲಾರದ ಕಡೆಯ ಹಳ್ಳಿಯಲ್ಲಿರುತ್ತಾಳೆ. ಮಂಡಿನೋವಿಗೆ ಡಾಕ್ಟರಿಗೆ ತೋರಿಸಬೇಕು ಅಂತ ನಮ್ಮನೆಗೆ ಬಂದಿದ್ದಳು. ಡಾಕ್ಟರು ನೋಡಿ, "ದಿನಾ ನಡೀಬೇಕಮ್ಮ, ಕೂತರೆ ಇನ್ನೂ ಹಿಡಿದುಕೊಳ್ಳುತ್ತೆ" ಅಂದಿದ್ದರು. ನಮ್ಮ ಬೀದಿಯ ಫುಟ್‌ಪಾತಿನಲ್ಲಿ ಎರಡು ದಿನ ನಡೆದಳು. ಮೂರನೇ ದಿನ ಚಪ್ಪಡಿ ಕಲ್ಲು ಅಲುಗಾಡಿ ಚರಂಡಿಗೆ ಕಾಲು ಹೋಗುವುದರಲ್ಲಿತ್ತು. "ಇದಕ್ಕಿಂತ ಹೊಲದ ಬದುವೇ ಎಷ್ಟೋ ವಾಸಿ ಕಣೇ" ಅಂದಳು. ಆಗ ನನಗೆ ತುರಹಳ್ಳಿ ನೆನಪಾಯಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೆಂಗಳೂರಿನಲ್ಲಿ ಕನಕಪುರ ರಸ್ತೆಗೂ ಬನಶಂಕರಿ ಆರನೇ ಹಂತಕ್ಕೂ ನಡುವೆ ಉಳಿದಿರುವ ಕುರುಚಲು ಕಾಡು ಅದು. 500 ಎಕರೆಗೂ ಜಾಸ್ತಿ ಇದೆ. ಸುತ್ತ ಅಪಾರ್ಟ್‌ಮೆಂಟು, ಲೇಔಟು, ಮಧ್ಯೆ ಗುಡ್ಡ. ಮೆಟ್ರೊದ ಹಸಿರು ಮಾರ್ಗ 2021ರ ಸಂಕ್ರಾಂತಿ ಹೊತ್ತಿಗೆ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಬಂದ ಮೇಲೆ ಹೋಗುವುದು ಸಲೀಸಾಗಿದೆ. ವಾಜರಹಳ್ಳಿಯಲ್ಲಿ ಇಳಿದು ಆಟೊ ಹಿಡಿದರೆ ಆಯಿತು. ಆದರೆ ಭಾನುವಾರ ಮೆಟ್ರೊ ಏಳು ಗಂಟೆಗೆ ಶುರುವಾಗುತ್ತದೆ. ನೀವು ಕಾಡು ತಲುಪುವಷ್ಟರಲ್ಲಿ ಬಿಸಿಲು ಏರಿ, ಜನವೂ ಸೇರಿಬಿಟ್ಟಿರುತ್ತಾರೆ. ಶನಿವಾರ ಒಳ್ಳೆಯದು. ಇದು ಅರಣ್ಯ ಇಲಾಖೆಯ ಜಾಗ. ಗೇಟಿನ ಸಮಯ, ಸೈಕಲ್ ಬಿಡುವುದು ಬಿಡದಿರುವುದು ಎಲ್ಲ ಆಗಾಗ ಬದಲಾಗುತ್ತಿರುತ್ತದೆ. ಹೋದ ವಾರ ಬಿಟ್ಟರು ಅಂತ ಈ ವಾರ ಜಗಳ ಆಡಬೇಡಿ. ಗೇಟಿನಲ್ಲಿ ಇರುವವರನ್ನು ಕೇಳಿ, ಅವರು ಹೇಳಿದ ಹಾಗೆ ನಡೆದುಕೊಳ್ಳಿ.

ಚಿಕ್ಕಮ್ಮ ಕಾಟನ್ ಸೀರೆಯನ್ನು ಎರಡು ಬೆರಳಷ್ಟು ಎತ್ತರಕ್ಕೆ ಉಟ್ಟು, ನನ್ನ ಮಗಳ ಹಳೇ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದಳು. ಕಾಡಿನ ದಾರಿ ನೋಡಿದ ಕೂಡಲೇ ನಿಂತಳು.

"ಇದೇನಾ ನಿನ್ನ ಟ್ರಯಲ್ಲು? ಇದು ಬಂಡಿಜಾಡು ಕಣೇ."

ನೋಡಿದರೆ ಹಾಗೇ ಇತ್ತು. ಕೆಂಪು ಗರಸು ಮಣ್ಣಿನ ದಾರಿ. ಎರಡು ಬದಿಗೆ ಸವೆದ ಎರಡು ಗೀರು, ನಡುವೆ ಹುಲ್ಲಿನ ಏಣು. ಇದು ಎತ್ತಿನ ಗಾಡಿಯದೋ ಇಲಾಖೆಯ ಜೀಪಿನದೋ ಯಾರಿಗೆ ಗೊತ್ತು. ಆದರೆ ಇಬ್ಬರು ಮಾತಾಡಿಕೊಂಡು ಪಕ್ಕಪಕ್ಕ ನಡೆಯುವಷ್ಟು ಅಗಲ. ಮೊದಲ ಸಲ ಹೋಗುವವರಿಗೆ ಈ ಅಗಲವೇ ದೊಡ್ಡ ಸೌಕರ್ಯ. ಒಬ್ಬರ ಹಿಂದೆ ಒಬ್ಬರು ನಡೆಯುವ ಕಾಲುದಾರಿಯಲ್ಲಿ ಹಿಂದಿನವರ ಉಸಿರು ನಮ್ಮ ಬೆನ್ನಿಗೆ ತಾಗುತ್ತಿರುತ್ತದೆ. ಬಂಡಿಜಾಡಿನಲ್ಲಿ ಪಕ್ಕಕ್ಕೆ ಸರಿದರೆ ಸಾಕು, ಹೋಗುವವರು ಹೋಗುತ್ತಾರೆ. ನಿಮ್ಮನ್ನು ಯಾರೂ ಬಂಡೆ ಮೇಲೆ ಕೂರಿಸುವುದಿಲ್ಲ.

ತುರಹಳ್ಳಿ ಅನ್ನುವ ಹೆಸರಿನ ಬಗ್ಗೆ ನನಗೊಂದು ಊಹೆ ಇದೆ. ಹಳೆಗನ್ನಡದಲ್ಲಿ ತುರು ಅಂದರೆ ದನ. ಊರಿನ ದನ ಕದ್ದುಕೊಂಡು ಹೋಗುವವರನ್ನು ತಡೆದು ಸತ್ತವರಿಗೆ ನಿಲ್ಲಿಸಿದ ಕಲ್ಲುಗಳಿಗೆ ತುರುಗೋಳ್ ವೀರಗಲ್ಲು ಅನ್ನುತ್ತಾರೆ. ಈ ಹಳ್ಳಿಯ ಹೆಸರೂ ಅಲ್ಲಿಂದಲೇ ಬಂದಿರಬಹುದು ಅಂತ ನನ್ನ ಲೆಕ್ಕ. ಭಾಷೆ ಬಲ್ಲವರು ಬೈಯಬೇಡಿ. ಚಿಕ್ಕಮ್ಮನಿಗೆ ಇದನ್ನು ಹೇಳಿದೆ. ಅವಳು ದಾರಿಯಲ್ಲಿದ್ದ ಹಿಕ್ಕೆ ತೋರಿಸಿ, "ಇಲ್ಲಿ ಈಗ ಓಡಾಡ್ತಿರೋದು ಆಡು" ಅಂದಳು.

ಈ ದಾರಿಯಲ್ಲಿ ಓಡಾಡುವವರಲ್ಲಿ ಎಷ್ಟು ಜಾತಿ ಅಂತೀರಾ? ಮಂಕಿಕ್ಯಾಪಿನ ಅಜ್ಜಂದಿರು, ಕಿವಿಗೆ ವೈರು ಸಿಕ್ಕಿಸಿಕೊಂಡು ಓಡುವವರು, ಉದ್ದನೆಯ ಲೆನ್ಸಿನವರು, ನಾಯಿ ಹಿಡಿದವರು, ಬಂಡೆ ಹತ್ತುವವರು, ದಪ್ಪ ಟೈರಿನ ಸೈಕಲ್‌ನವರು. ಎಲ್ಲರಿಗೂ ಬೇಕಾಗಿರುವುದು ಅದೇ ಎಂಟಡಿ ಮಣ್ಣು.

ಒಂದು ತಿರುವಿನಲ್ಲಿ ಮೇಲಿನಿಂದ ಸೈಕಲ್ ಒಂದು ಸರ್ರನೆ ಬಂತು. ಬೆಲ್ಲಿಲ್ಲ. "ಆಂಟಿ ಸೈಡ್, ಸೈಡ್!" ಅಂತ ಕೂಗು ಮಾತ್ರ. ನಾನು ಎಡಕ್ಕೆ ಹಾರಿದೆ, ಚಿಕ್ಕಮ್ಮ ಬಲಕ್ಕೆ. ಹುಡುಗ ನಮ್ಮ ನಡುವೆ ಹಾದು, ಬ್ರೇಕ್ ಹಾಕಿ, ಗರಸಿನ ಮೇಲೆ ಒಂದಷ್ಟು ದೂರ ಜಾರಿ ನಿಂತ. ಯಾರಿಗೂ ಏನೂ ಆಗಲಿಲ್ಲ. ಚಿಕ್ಕಮ್ಮ ಅವನ ಹತ್ತಿರ ಹೋದಳು. ಬೈಯುತ್ತಾಳೆ ಅಂದುಕೊಂಡೆ.

"ಮಗಾ, ನಮ್ಮೂರಲ್ಲಿ ಎತ್ತಿಗೂ ಕೊರಳಿಗೆ ಗಂಟೆ ಕಟ್ತೀವಿ. ಯಾಕೆ ಹೇಳು?"

ಹುಡುಗ ಹೆಲ್ಮೆಟ್ಟಿನ ಒಳಗೇ ನಕ್ಕ. "ಸಾರಿ ಅಜ್ಜಿ, ಮುಂದಿನ ವಾರ ಹಾಕಿಸ್ತೀನಿ" ಅಂದ. ನನ್ನನ್ನು ಆಂಟಿ, ಅವಳನ್ನು ಅಜ್ಜಿ ಅಂದಿದ್ದು ಅವಳಿಗೆ ಗೆಲುವಿನ ಹಾಗೆ ಕಂಡಿತು. ಮುಂದಿನ ಹತ್ತು ನಿಮಿಷ ಅದನ್ನೇ ಹೇಳಿಕೊಂಡು ಬಂದಳು.

ಕೆಲವು ದೇಶಗಳಲ್ಲಿ ಇಂಥ ದಾರಿಗಳಿಗೆ ಬೋರ್ಡೇ ಇರುತ್ತದೆ. ಸೈಕಲ್‌ನವರು ನಡೆಯುವವರಿಗೆ ದಾರಿ ಬಿಡಬೇಕು, ಇಬ್ಬರೂ ಕುದುರೆಗೆ ಬಿಡಬೇಕು, ಇಳಿಯುವವರು ಏರುವವರಿಗೆ ಬಿಡಬೇಕು. ಕೊನೆಯದು ನನಗೆ ತುಂಬಾ ಇಷ್ಟ. ಏರುವವರ ಕಣ್ಣು ಅವರ ಪಾದದ ಮುಂದಿನ ಎರಡಡಿಯಲ್ಲಿರುತ್ತದೆ. ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ. ಇಳಿಯುವವರಿಗೆ ಎಲ್ಲ ಕಾಣುತ್ತಿರುತ್ತದೆ. ನಮ್ಮ ಘಾಟಿ ರಸ್ತೆಗಳಲ್ಲೂ ಲಾರಿಯವರು ಏರುವ ಗಾಡಿಗೆ ದಾರಿ ಬಿಡುವುದು ಇದಕ್ಕೇ. ಕಾಡಿಗೆ ಬಂದ ಕೂಡಲೇ ಮರೆತುಬಿಡುತ್ತೇವೆ.

ಬಂಡೆಗಳ ಹತ್ತಿರ ಬರುವ ಹೊತ್ತಿಗೆ ಬಿಸಿಲು ಬಿದ್ದಿತ್ತು. ಆನೆ ಮಲಗಿದ ಹಾಗಿರುವ ಬೂದು ಬಂಡೆಗಳು. ಲಾಲ್‌ಬಾಗಿನ ಬಂಡೆಯನ್ನು ಭೂವಿಜ್ಞಾನದ ರಾಷ್ಟ್ರೀಯ ಸ್ಮಾರಕ ಮಾಡಿದ್ದಾರಲ್ಲ, ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು ಅಂತಾರಲ್ಲ, ಬೆಂಗಳೂರಿನ ಈ ಕಲ್ಲುಗುಡ್ಡಗಳೆಲ್ಲ ಅದರದೇ ವಂಶ. ಆದರೆ ಚಿಕ್ಕಮ್ಮನ ಕಣ್ಣಿಗೆ ಬಿದ್ದದ್ದು ಬೇರೆ. ಒಂದು ಬಂಡೆಯ ಮೈಮೇಲೆ ಅಲ್ಲಲ್ಲಿ ಬಿಳಿ ಮಚ್ಚೆ. ಒಂದು ಸೊಂಟದ ಎತ್ತರದಲ್ಲಿ, ಒಂದು ತಲೆಯ ಎತ್ತರದಲ್ಲಿ, ಮತ್ತೊಂದು ಕೈ ಚಾಚಿದರೂ ಸಿಗದಷ್ಟು ಮೇಲೆ.

"ಇದಕ್ಕೆ ಯಾರೇ ಸುಣ್ಣ ಬಳಿದವರು? ದೇವರ ಕಲ್ಲಾ?"

ಕೆಳಗೆ ದಪ್ಪನೆಯ ಮಡಚುವ ಹಾಸಿಗೆ ಹಾಕಿಕೊಂಡು ಮೂವರು ಕೂತಿದ್ದರು. ಅದರಲ್ಲೊಬ್ಬಳು ಹುಡುಗಿ ಎದ್ದು ಬಂದು ಸೊಂಟದ ಚೀಲ ತೆರೆದು ತೋರಿಸಿದಳು. ಬಿಳಿ ಪುಡಿ. ಬೆವರಿದ ಬೆರಳು ಕಲ್ಲಿನ ಮೇಲೆ ಜಾರಬಾರದು ಅಂತ ಹಚ್ಚಿಕೊಳ್ಳುತ್ತಾರಂತೆ. ಹಗ್ಗ ಇಲ್ಲದೆ ಹತ್ತುವುದರಿಂದ ಕೆಳಗೆ ಹಾಸಿಗೆ. ತುರಹಳ್ಳಿ ಬಂಡೆಗಳು ಈ ಆಟದವರಿಗೆ ಬಹಳ ವರ್ಷದಿಂದ ಗೊತ್ತಿರುವ ಜಾಗ. ಚಿಕ್ಕಮ್ಮ ಚೀಲದಲ್ಲಿ ಎರಡು ಬೆರಳು ಅದ್ದಿ, ಉಜ್ಜಿ ನೋಡಿ, "ಗುದ್ದಲಿ ಹಿಡಿಯೋ ಮುಂಚೆ ನಾವು ಮಣ್ಣು ಸವರಿಕೊಳ್ತೀವಲ್ಲ, ಹಾಗೆ" ಅಂದಳು. ಹುಡುಗಿ ಮೇಲೆ ಹೋದಳು. ನಾವು ಕೆಳಗೆ ಕೂತು ನೋಡಿದೆವು. ನಾಲ್ಕು ಸಲ ಬಿದ್ದಳು. ಪ್ರತಿ ಸಲ ಬಿದ್ದಾಗಲೂ ಕೈ ಕೊಡವಿಕೊಂಡು, ಬಂಡೆಯನ್ನು ಕಣ್ಣಲ್ಲೇ ಅಳೆದು, ಸುಮ್ನೆ ಸ್ವಲ್ಪ ಹೊತ್ತು ಕೂರುತ್ತಿದ್ದಳು. ಅವಳ ಜೊತೆಯವರಿಗೂ ಅವಸರ ಇರಲಿಲ್ಲ. ಐದನೇ ಸಲವೂ ಬಿದ್ದಳು. ನಗುನಗುತ್ತಾ ಬಾಳೆಹಣ್ಣು ಸುಲಿದಳು. ತುದಿ ಮುಟ್ಟದೆಯೂ ಬೆಳಗು ಚೆನ್ನಾಗಿರಬಹುದು ಅಂತ ಆ ಟ್ರೆಕ್ಕಿಂಗ್ ಗುಂಪಿನವರಿಗೆ ಯಾರಾದರೂ ತೋರಿಸಬೇಕು.

ನಾವು ಕೂತಿದ್ದ ಕಲ್ಲಿನಿಂದ ಮಾರು ದೂರದಲ್ಲಿ ಒಂದು ಓತಿಕ್ಯಾತ ಬಿಸಿಲು ಕಾಯುತ್ತಿತ್ತು. ಕಲ್ಲುಬಂಡೆಯ ಓತಿ. ಮೈಬಣ್ಣ ಕಲ್ಲಿನದೇ. ಅದು ಅಲುಗಾಡದಿದ್ದರೆ ನನಗೆ ಕಾಣುತ್ತಲೇ ಇರಲಿಲ್ಲ. ಹೆಣ್ಣು ಹುಡುಕುವ ಕಾಲದಲ್ಲಿ ಗಂಡಿನ ತಲೆ, ಬೆನ್ನು ಕೆಂಪೇರುತ್ತದೆ, ಪಕ್ಕೆ ಕಪ್ಪಾಗುತ್ತದೆ. ಆಗ ಎಷ್ಟು ದೂರದಿಂದಲೂ ಕಾಣುತ್ತದೆ. ಈಗ ಆ ಶೋಕಿ ಇರಲಿಲ್ಲ. ಮುಂಗಾಲು ಮಡಚಿ, ಎದ್ದು, ಮಡಚಿ, ಎದ್ದು, ಜಿಮ್ಮಿನವರ ಹಾಗೆ ದಂಡ ಹೊಡೆಯಿತು. ಆರು. ಆಮೇಲೆ ತಲೆ ಓರೆ ಮಾಡಿ ನಮ್ಮನ್ನು ನೋಡಿತು. ಮತ್ತೆ ಮೂರು. ಇದು ನನ್ನ ಕಲ್ಲು ಅಂತ ಹೇಳುವ ರೀತಿ ಅದು. ಬೆಂಗಳೂರಿನ ಒಳಗೆ ಇವು ಕಡಿಮೆಯಾಗುತ್ತಿವೆ. ಮರ ನೆಟ್ಟರೂ ವಾಪಸ್ ಬರುವ ಪ್ರಾಣಿಯಲ್ಲ. ಅದಕ್ಕೆ ಬೇಕಾಗಿರುವುದು ಬಿಸಿಲಿಗೆ ಬಿಟ್ಟ ಬರೀ ಬಂಡೆ. ನಾವೋ, ಬಂಡೆ ಇದ್ದ ಕಡೆ ಒಡೆದು ಸೈಟು ಮಾಡುತ್ತೇವೆ, ಸೈಟು ಮಾಡದ ಕಡೆ ಪಾರ್ಕು ಮಾಡುತ್ತೇವೆ.

ಪಾರ್ಕು ಅಂದಾಗ ನೆನಪಾಯಿತು. 2021ರ ಆರಂಭದಲ್ಲಿ ಈ ಕಾಡಿನೊಳಗೆ ಟ್ರೀ ಪಾರ್ಕ್ ಮಾಡುವ ಮಾತು ಬಂದಿತ್ತು. ಸುತ್ತಮುತ್ತಲ ಜನ, ಮಕ್ಕಳು, ಓಡುವವರು, ಹಕ್ಕಿ ನೋಡುವವರು ಎಲ್ಲ ಸೇರಿ ಬೇಡ ಅಂತ ಬೋರ್ಡು ಹಿಡಿದು ನಿಂತಿದ್ದರು. ಕಾಡಿಗೆ ಬೆಂಚು, ಗೇಟು, ಕಾಂಕ್ರೀಟು ದಾರಿ ಬಂದರೆ ನಡೆಯುವುದು ಸುಲಭವಾಗುತ್ತದೆ ನಿಜ. ವೀಲ್‌ಚೇರಿನಲ್ಲಿ ಬರುವವರನ್ನು ನೆನೆದರೆ ನನ್ನ ಮನಸ್ಸು ಎರಡಾಗುತ್ತದೆ. ಆದರೆ ಚಿಕ್ಕಮ್ಮನ ಮಂಡಿಗೆ ಅವತ್ತು ಹಿತವಾಗಿದ್ದದ್ದು ಮಣ್ಣು. ಟೈಲ್ಸ್ ಅಲ್ಲ. ಅವಳೇ ಹೇಳಿದಳು: "ಇಲ್ಲಿ ಕಾಲಿಟ್ರೆ ನೆಲ ಸ್ವಲ್ಪ ತಗೊಳ್ಳುತ್ತೆ ಕಣೇ. ನಿಮ್ಮ ರೋಡು ಎಲ್ಲಾನೂ ವಾಪಸ್ ಕೊಡುತ್ತೆ."

ಹಾಗಂತ ಇದೇನು ಆದಿಕಾಲದ ಕಾಡಲ್ಲ. ಒಂದಷ್ಟು ದೂರ ಹೋದರೆ ನೀಲಗಿರಿ ಮರಗಳು. ಟಿಪ್ಪು ಕಾಲದಲ್ಲಿ ನಂದಿಬೆಟ್ಟಕ್ಕೆ ಬಂದ ಮರ, ಆಮೇಲೆ ರಾಜ್ಯವೆಲ್ಲ ಹಬ್ಬಿತು. 2017ರಲ್ಲಿ ಸರ್ಕಾರವೇ ಹೊಸದಾಗಿ ನೆಡಬೇಡಿ ಅಂತ ನಿಷೇಧ ಹಾಕಿತು. ಕೋಲಾರದವರಿಗೆ ನೀಲಗಿರಿ ಅಂದರೆ ಮೈ ಉರಿಯುತ್ತದೆ. ಚಿಕ್ಕಮ್ಮ ಅದರ ಕೆಳಗೆ ನಿಲ್ಲಲೂ ಇಲ್ಲ. "ನಮ್ಮ ಬೋರ್‌ವೆಲ್ ಕುಡಿದ ಪಾಪಿ" ಅಂತ ಬೈದುಕೊಂಡೇ ದಾಟಿದಳು. ಅದಾದ ಮೇಲೆ ತಂಗಡಿ ಗಿಡ ಸಿಕ್ಕಾಗ ಮುಖ ಅರಳಿತು. ಹಳದಿ ಹೂವಿನ ಗೊಂಚಲು. ಇದರ ತೊಗಟೆಯಲ್ಲಿ ತೊಗಲು ಹದ ಮಾಡುತ್ತಿದ್ದರು ಅಂದಳು. ಬಂದರಿಕೆ ಸೊಪ್ಪು ಮುರಿದು ಮೂಸಿಸಿದಳು. ಪ್ರತಿ ಗಿಡಕ್ಕೂ ನಿಂತಳು. ನನಗೆ ಅದೇ ಬೇಕಿತ್ತು. ಅವಳು ಗಿಡ ನೋಡುವ ನೆಪದಲ್ಲಿ ನಿಂತಳೋ, ನನ್ನ ಏದುಸಿರು ನೋಡಿ ನಿಂತಳೋ, ಇವತ್ತಿಗೂ ನನಗೆ ಅನುಮಾನ ಇದೆ.

ಇಳಿಯುವಾಗ ಮಾತ್ರ ಇಬ್ಬರಿಗೂ ಭಯ ಆಯಿತು. ಏರುವುದು ಉಸಿರಿಗೆ, ಇಳಿಯುವುದು ಮಂಡಿಗೆ. ಬಂಡೆಯ ಮೇಲೆ ಉದುರಿದ ಗರಸು ಹರಳು ಇರುತ್ತದಲ್ಲ, ಅದು ರಾಗಿಕಾಳಿನ ಹಾಗೆ ಕಾಲಡಿಗೆ ಉರುಳುತ್ತದೆ. ನಾನು ಒಮ್ಮೆ ಜಾರಿ ಕೂತೇಬಿಟ್ಟೆ. ಪ್ಯಾಂಟಿಗೆ ಕೆಂಪು ಮಣ್ಣು, ಅಂಗೈಗೆ ತರಚು. ಚಿಕ್ಕಮ್ಮ ನೀರಿನ ಕೊಡ ಹೊತ್ತು ಕಲ್ಯಾಣಿ ಮೆಟ್ಟಿಲು ಇಳಿದು ಹತ್ತಿದವಳು. ಪಾದವನ್ನು ಅಡ್ಡಡ್ಡ ಇಟ್ಟು, ಮಂಡಿ ಸ್ವಲ್ಪ ಮಡಚಿ, ಹೆಜ್ಜೆ ಚಿಕ್ಕದು ಮಾಡು ಅಂತ ತೋರಿಸಿಕೊಟ್ಟಳು. ಹಾಗೇ ಮಾಡಿದೆ. ಸರಿಹೋಯಿತು. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇಷ್ಟೇ: ಶೂ ದುಬಾರಿ ಆಗಬೇಕಿಲ್ಲ, ಅಡಿ ಸವೆದಿರಬಾರದು. ಒಬ್ಬೊಬ್ಬರಿಗೂ ಒಂದು ಲೀಟರ್ ನೀರು ಇರಲಿ. ಒಬ್ಬರೇ ಹೋಗಬೇಡಿ. ಪೊದೆಗೆ ಕೈ ಹಾಕಬೇಡಿ, ಮಂಡಲದ ಹಾವು ಎಲೆಯ ಮೇಲೆ ಎಲೆಯ ಹಾಗೇ ಮಲಗಿರುತ್ತದೆ. ಮಳೆ ಬಂದ ಮರುದಿನ ಬಂಡೆ ಹತ್ತಬೇಡಿ. ತಿಂದ ಕವರು ಜೇಬಲ್ಲಿ ವಾಪಸ್ ತನ್ನಿ. ನಾವು ಕೂತ ಜಾಗದಲ್ಲೇ ಒಡೆದ ಬಿಯರ್ ಬಾಟಲಿಯ ಚೂರಿತ್ತು. ಚಿಕ್ಕಮ್ಮ ಅದನ್ನು ಒಂದೊಂದಾಗಿ ಆರಿಸಿ ಖಾಲಿ ಚಿಪ್ಸ್ ಪ್ಯಾಕೆಟ್ಟಿಗೆ ತುಂಬಿದಳು. ಆಡಿನ ಗೊರಸಿಗೆ ಚುಚ್ಚುತ್ತೆ ಅಂತ.

ಮನೆಗೆ ಹೋಗುವ ಮೊದಲು ನೀರು ನೋಡಬೇಕು ಅಂದಳು. ಗುಡ್ಡದ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತೆ ಅನ್ನುವುದು ಅವಳ ಪ್ರಶ್ನೆ. ಕೋಲಾರದವರು ಬೆಟ್ಟ ನೋಡಿದರೆ ಮೊದಲು ಹುಡುಕುವುದು ಕೆರೆಯನ್ನೇ. ಈ ಗುಡ್ಡದ ನೀರೆಲ್ಲ ಎಲ್ಲೆಲ್ಲಿಗೆ ಇಳಿಯುತ್ತದೆ ಅಂತ ಹೇಳುವಷ್ಟು ಕಾಲುವೆಗಳು ಈಗ ಕಾಣುವುದಿಲ್ಲ, ಮೇಲೆಲ್ಲ ಮನೆ ಬಂದಿದೆ. ಹಾಗಾಗಿ ಅವಳನ್ನು ಮೆಟ್ರೊದಲ್ಲಿ ಒಂದು ನಿಲ್ದಾಣ ಹಿಂದಕ್ಕೆ, ದೊಡ್ಡಕಲ್ಲಸಂದ್ರದ ಕೆರೆಗೆ ಕರೆದುಕೊಂಡು ಹೋದೆ.

ಆ ಹೆಸರು ನೋಡಿ. ಸಂದ್ರ ಅಂದರೆ ಸಮುದ್ರ. ಬೊಮ್ಮಸಂದ್ರ, ಸಿಂಗಸಂದ್ರ, ದೇವಸಂದ್ರ ಎಲ್ಲ ಹೀಗೇ. ಕೆರೆ ಕಟ್ಟಿಸಿದವರು ಅದನ್ನು ಸಮುದ್ರ ಅಂತ ಕರೆದರು. ಪಕ್ಕದಲ್ಲಿ ನದಿ ಇಲ್ಲದ ಊರು, ಬಿದ್ದ ಮಳೆಯನ್ನು ಏರಿ ಕಟ್ಟಿ ನಿಲ್ಲಿಸಿಕೊಂಡರೆ ಅದೇ ಸಮುದ್ರ. ಕಲ್ಲೂ ಸಮುದ್ರವೂ ಒಂದೇ ಹೆಸರಿನಲ್ಲಿವೆ. ನಾವು ಅವತ್ತು ಬೆಳಿಗ್ಗೆ ನಡೆದದ್ದೂ ಅಷ್ಟೇ, ಕಲ್ಲಿಂದ ನೀರಿಗೆ.

ಕೆರೆಯ ಸುತ್ತ ನಡೆಯುವ ದಾರಿ ಇದೆ, ನೆಲ ಮಟ್ಟ. ಮಂಡಿ ನಿಜಕ್ಕೂ ಕೆಟ್ಟಿರುವವರು ಕಾಡು ಬಿಟ್ಟು ಇಲ್ಲಿಂದಲೇ ಶುರು ಮಾಡಬಹುದು, ನಾಚಿಕೆ ಏನಿಲ್ಲ. ಗುಳುಮುಳುಕ ಒಂದು ಮುಳುಗಿತು. ಚಿಕ್ಕಮ್ಮ ಬೆರಳು ಮಡಚಿ ಎಣಿಸಿದಳು. ಹನ್ನೆರಡಕ್ಕೆ ಬೇರೆಲ್ಲೋ ಎದ್ದಿತು. ನೀರುಕಾಗೆ ರೆಕ್ಕೆ ಬಿಡಿಸಿಕೊಂಡು ಕಂಬದ ಮೇಲೆ ಒಣಗುತ್ತಿತ್ತು. ಅವಳು ತೂಬೆಲ್ಲಿ, ಕೋಡಿ ಎಲ್ಲಿ, ಗದ್ದೆ ಯಾವ ಕಡೆ ಇತ್ತು ಅಂತ ಕೇಳುತ್ತಾ ಹೋದಳು. ಗದ್ದೆ ಇದ್ದಿರಬಹುದಾದ ಕಡೆಗೆ ಕೈ ತೋರಿಸಿದೆ. ಅಲ್ಲಿ ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಬೆಡ್‌ಶೀಟ್ ಒಣಗುತ್ತಿದ್ದವು. ಅವಳು ಏನೂ ಹೇಳಲಿಲ್ಲ.

ಕಲ್ಲುಬೆಂಚಿನ ಮೇಲೆ ಕೂತು ಡಬ್ಬಿ ತೆಗೆದೆವು. ಚಿತ್ರಾನ್ನ ಆರಿತ್ತು. ಒಗ್ಗರಣೆಯ ಕಡಲೆಕಾಯಿ ಮೆತ್ತಗಾಗಿತ್ತು. ಹಸಿವಿಗೆ ಎಲ್ಲ ಚೆನ್ನ. ತಿಂದಾದ ಮೇಲೆ ಚಿಕ್ಕಮ್ಮ ಸೀರೆಯ ಅಂಚನ್ನು ಮಡಿಲಿಗೆ ಎಳೆದುಕೊಂಡಳು. ಅಂಚಿನ ಉದ್ದಕ್ಕೂ ಉತ್ತರಾಣಿ ಬೀಜ ಕಚ್ಚಿಕೊಂಡಿತ್ತು. ಒಂದೊಂದನ್ನೇ ಉಗುರಿನಲ್ಲಿ ಕಿತ್ತು ಅಂಗೈಯಲ್ಲಿ ಇಟ್ಟುಕೊಂಡಳು. ನಾನೂ ಸಾಕ್ಸ್‌ನಿಂದ ಕಿತ್ತು ಅವಳ ಅಂಗೈಗೆ ಹಾಕಿದೆ.

ಆಗ ರಾಮನಗರದ ಕತೆ ಹೇಳಿದೆ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಕೇಳಿದವರಿಗೆಲ್ಲ ಬೆಟ್ಟ ಹತ್ತಿದೆ ಅಂತಲೇ ಹೇಳಿದ್ದೆ. ಅವಳು ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಬೀಜ ಕೀಳುವುದನ್ನೂ ನಿಲ್ಲಿಸಲಿಲ್ಲ.

"ಆ ಬಂಡೆ ಮೇಲಿಂದ ಏನು ಕಾಣ್ತಿತ್ತು?" ಅಂದಳು.

ಯೋಚಿಸಿದೆ. ಎರಡೂಕಾಲು ಗಂಟೆ ಕೂತಿದ್ದೆ. ಮೊಬೈಲು ನೋಡಿದ್ದು, ಅತ್ತಿದ್ದು ಬಿಟ್ಟರೆ ಬೇರೇನೂ ನೆನಪಿಲ್ಲ.

"ನೋಡಲೇ ಇಲ್ಲ ಚಿಕ್ಕಮ್ಮ."

"ಮುಂದಿನ ಸಲ ಬಂದಾಗ ಅಲ್ಲೀವರೆಗೆ ಹೋಗಿ ಬರೋಣ. ಆ ಬಂಡೆವರೆಗೆ ಸಾಕು." ಅಂಗೈಯ ಬೀಜವನ್ನೆಲ್ಲ ಬೆಂಚಿನ ಹಿಂದಿನ ಮಣ್ಣಿಗೆ ಕೊಡವಿ ಎದ್ದಳು. "ಬಿಸ್ಕತ್ತು ನಾನು ತರ್ತೀನಿ."